ಅಶ್ಲೀಲದ ಅಳತೆಗೋಲು

‘ಅಶ್ಲೀಲ’ ಎಂಬ ಮಾತು ಇಂದು ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಪೊಲೀಸ್ ಠಾಣೆಯ ದೂರುಗಳಲ್ಲಿ, ನ್ಯಾಯಾಲಯದ ವರದಿಗಳಲ್ಲಿ. ಆದರೆ ಆ ಮಾತಿನ ತವರುಮನೆ ಅಲಂಕಾರಶಾಸ್ತ್ರ. ‘ಶ್ರೀ’ ಇಲ್ಲದುದು ಅಶ್ರೀಲ. ರಕಾರವು ಲಕಾರವಾಗಿ ಅಶ್ಲೀಲ. ಶ್ರೀ ಎಂದರೆ ಸಂಪತ್ತು, ಶೋಭೆ. ಶೋಭೆಗೆಟ್ಟ ಮಾತನ್ನು ನಮ್ಮ ಹಿರಿಯರು ಅಶ್ಲೀಲವೆಂದು ಕರೆದು, ಅದರಲ್ಲಿ ಮೂರು ಬಗೆಗಳನ್ನು ಎಣಿಸಿದರು. ನಾಚಿಕೆಯನ್ನು ಹುಟ್ಟಿಸುವುದು ಒಂದು, ಹೇಸಿಗೆಯನ್ನು ಹುಟ್ಟಿಸುವುದು ಇನ್ನೊಂದು, ಅಮಂಗಳವನ್ನು ಸೂಚಿಸುವುದು ಮತ್ತೊಂದು. ಕನ್ನಡದಲ್ಲಿ ನಾಗವರ್ಮನು ತನ್ನ ‘ಕಾವ್ಯಾವಲೋಕನ’ದಲ್ಲಿ ದೋಷವಿಚಾರಕ್ಕೆಂದೇ ಒಂದು ಅಧಿಕರಣವನ್ನು ಮೀಸಲಿಟ್ಟು, ಅದಕ್ಕೆ ‘ಕಾವ್ಯಮಲವ್ಯಾವೃತ್ತಿ’ ಎಂಬ ಹೆಸರನ್ನು ಕೊಟ್ಟಿದ್ದಾನೆ. ಕಾವ್ಯದ ಕೊಳೆಯನ್ನು ಕಳೆಯುವುದು ಎಂದು ಅದರ ಅರ್ಥ. ಕೊಳೆಯನ್ನು ಕಳೆಯಬೇಕು, ಸರಿ; ಕಾವ್ಯವನ್ನೇ ಕಳೆಯಬೇಕೆಂದು ಅವನು ಹೇಳಲಿಲ್ಲ.

ಆಲಂಕಾರಿಕರು ಇನ್ನೂ ಒಂದು ಸೂಕ್ಷ್ಮವನ್ನು ಕಂಡಿದ್ದರು. ಅಶ್ಲೀಲವು ಎಲ್ಲೆಡೆಯೂ ದೋಷವಲ್ಲ. ಪ್ರಣಯಿಗಳ ಸರಸದ ಮಾತಿನಲ್ಲಿ ಅದು ದೋಷವೆನಿಸದು. ದೇಹದ ಮೇಲಣ ಮೋಹವನ್ನು ಬಿಡಿಸಲು ಹೊರಟ ವೈರಾಗ್ಯದ ಮಾತಿನಲ್ಲಿ ಹೇಸಿಗೆಯ ವರ್ಣನೆ ಗುಣವೇ ಆಗುತ್ತದೆ ಎಂದು ಮಮ್ಮಟನಂಥವರು ವಿವರಿಸಿದ್ದಾರೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದೇ ಕರೆದನು. ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ, ಯಾವ ಪ್ರಯೋಜನಕ್ಕಾಗಿ ಈ ಮಾತು ಬಂದಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಅವರು ಯಾವ ಪದ್ಯವನ್ನೂ ತೂಗುತ್ತಿರಲಿಲ್ಲ. ಈ ಶಾಸ್ತ್ರವಿಚಾರಗಳನ್ನು ಸಂಸ್ಕೃತವರಿಯದ ನನ್ನಂಥ ಸಾವಿರಾರು ಕನ್ನಡ ವಿದ್ಯಾರ್ಥಿಗಳಿಗೆ ತಿಳಿಗನ್ನಡದಲ್ಲಿ ದಾಟಿಸಿದವರು ನಮ್ಮ ತುಮಕೂರು ಜಿಲ್ಲೆಯ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರು. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗಾಗಿ ಓದಿದೆ; ಬಾಯಿಪಾಠವೂ ಮಾಡಿದೆ. ಅದನ್ನು ಬಾಳಿಗೆ ಹಚ್ಚಿಕೊಂಡೆನೇ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಹೀಗಿದ್ದ ಮಾತು ಕಾನೂನಿನ ಕೈಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. 1856ರಲ್ಲಿ ಕಂಪನಿ ಸರ್ಕಾರವು ಅಶ್ಲೀಲ ಪುಸ್ತಕ ಮತ್ತು ಚಿತ್ರಗಳ ಮಾರಾಟವನ್ನು ತಡೆಯುವ ಕಾಯಿದೆಯೊಂದನ್ನು ತಂದಿತು. ಇಂಗ್ಲೆಂಡಿನಲ್ಲಿ ಇಂಥ ಪುಸ್ತಕಗಳನ್ನು ಮುಟ್ಟುಗೋಲು ಹಾಕಿಕೊಳ್ಳುವ ಕಾಯಿದೆ ಬಂದದ್ದು ಮರುವರ್ಷ, 1857ರಲ್ಲಿ. 1860ರ ಭಾರತ ದಂಡಸಂಹಿತೆಯಲ್ಲಿ ಈ ವಿಷಯ 292, 293, 294ನೆಯ ಕಲಮುಗಳಾಗಿ ನೆಲೆನಿಂತಿತು. ಮೈಸೂರು ಸಂಸ್ಥಾನದಲ್ಲಿಯೂ ಇದೇ ದಂಡಸಂಹಿತೆ ಜಾರಿಯಲ್ಲಿದ್ದುದರಿಂದ ತುಮಕೂರಿನ ಪುಸ್ತಕದಂಗಡಿಗೂ ಗುಬ್ಬಿಯ ಜಾತ್ರೆಗೂ ಕುಣಿಗಲ್ಲಿನ ಸಂತೆಗೂ ಅನ್ವಯಿಸಿದ್ದು ಅದೇ. ಪುಸ್ತಕವನ್ನು ಮಾರುವುದು 292ಕ್ಕೆ ಸೇರಿತು. ಸಾರ್ವಜನಿಕ ಸ್ಥಳದಲ್ಲಿ ಅಥವಾ ಅದರ ಬಳಿಯಲ್ಲಿ ಅಶ್ಲೀಲವಾದ ಹಾಡನ್ನೋ ಲಾವಣಿಯನ್ನೋ ಹಾಡುವುದು 294ಕ್ಕೆ ಸೇರಿತು.

ಈ ಕಾನೂನು ತನ್ನೊಳಗೆ ಒಂದು ವಿನಾಯಿತಿಯನ್ನು ಇರಿಸಿಕೊಂಡಿತ್ತು. ದೇವಾಲಯದ ಮೇಲಣ ಶಿಲ್ಪಕ್ಕೂ ದೇವರ ಉತ್ಸವಕ್ಕೆ ಎಳೆಯುವ ತೇರಿನ ಮೇಲಣ ಕೆತ್ತನೆಗೂ ಅದು ತಟ್ಟದು. ಆಳುವವರು ಹಿಂದೂಗಳ ಮನನೋಯಿಸಬಾರದೆಂದು ಮಾಡಿದ ಏರ್ಪಾಡು ಇದು. ಆದರೆ ಅದರ ಪರಿಣಾಮವನ್ನು ನೋಡಿ. ಅದೇ ಮಿಥುನವು ತೇರಿನ ಮರದಲ್ಲಿದ್ದರೆ ನಮಸ್ಕಾರಕ್ಕೆ ಯೋಗ್ಯ, ಕಾಗದದ ಮೇಲೆ ಅಚ್ಚಾದರೆ ಶಿಕ್ಷೆಗೆ ಯೋಗ್ಯ. ರೂಪ ಒಂದೇ, ಎಲ್ಲಿದೆ ಎಂಬುದರಿಂದ ತೀರ್ಪು ಬೇರೆ. ಔಚಿತ್ಯದ ಒಂದು ಎಳೆ ಕಾನೂನಿನೊಳಗೂ ಉಳಿದಿತ್ತು ಎನ್ನಬಹುದು. ಆದರೆ ಅದು ದೇವರ ಹೆಸರಿಗೆ ಉಳಿಯಿತೇ ಹೊರತು ಕವಿಯ ಹೆಸರಿಗೆ ಉಳಿಯಲಿಲ್ಲ.

ಅಶ್ಲೀಲವೆಂದರೇನೆಂದು ದಂಡಸಂಹಿತೆ ಹೇಳಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು 1868ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಹಿಕ್ಲಿನ್ ಮೊಕದ್ದಮೆ. ಕ್ಯಾಥೊಲಿಕ್ ಪಾದ್ರಿಗಳ ತಪ್ಪೊಪ್ಪಿಗೆಯ ಪದ್ಧತಿಯನ್ನು ಟೀಕಿಸಿ ಪ್ರಕಟವಾಗಿದ್ದ ಕಿರುಹೊತ್ತಗೆಯೊಂದು ಅಲ್ಲಿ ವಿಚಾರಣೆಗೆ ಬಂದಿತ್ತು. ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನರು ಹಾಕಿಕೊಟ್ಟ ಅಳತೆಗೋಲಿನ ಸಾರ ಇಷ್ಟು: ಇಂಥ ದುಷ್ಪ್ರಭಾವಕ್ಕೆ ಮನಸ್ಸು ತೆರೆದಿರುವವರ ಕೈಗೆ ಈ ಬರಹ ಬಿದ್ದರೆ ಅವರನ್ನು ಕೆಡಿಸುವ ಪ್ರವೃತ್ತಿ ಇದಕ್ಕಿದೆಯೆ? ಮೇಲ್ನೋಟಕ್ಕೆ ಇದು ನ್ಯಾಯವಾದ ಪ್ರಶ್ನೆ. ಆದರೆ ಇಲ್ಲಿ ತೂಗಿದ್ದು ಪುಸ್ತಕವನ್ನಲ್ಲ, ಓದುಗನನ್ನು; ಅದೂ ಎಲ್ಲರಿಗಿಂತ ದುರ್ಬಲನಾದ ಒಬ್ಬ ಕಲ್ಪಿತ ಓದುಗನನ್ನು. ಬರೆದವನ ಉದ್ದೇಶಕ್ಕೆ ಅಲ್ಲಿ ಬೆಲೆಯಿಲ್ಲ. ಒಂದು ಪುಟ ಕೆಟ್ಟದ್ದಾದರೆ ಇಡೀ ಗ್ರಂಥ ಕೆಟ್ಟದ್ದಾಗಬಹುದು. ನಮ್ಮ ಆಲಂಕಾರಿಕರು ಸಹೃದಯನನ್ನು ಎದುರಿಗಿಟ್ಟುಕೊಂಡು ಯೋಚಿಸಿದರೆ, ಈ ಕಾನೂನು ಚಪಲಚಿತ್ತನನ್ನು ಎದುರಿಗಿಟ್ಟುಕೊಂಡು ಯೋಚಿಸಿತು.

ಈ ಅಳತೆಗೋಲಿಗೆ ಸಿಕ್ಕಿಬಿದ್ದ ಒಬ್ಬ ಹೆಣ್ಣುಮಗಳು ನಮ್ಮ ನಾಡಿನವಳೇ. ಬೆಂಗಳೂರು ನಾಗರತ್ನಮ್ಮ ಎಂದು ಪ್ರಸಿದ್ಧರಾದ ಆಕೆ 1878ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ದೇವದಾಸಿ ಮನೆತನ, ತಾಯಿ ಪುಟ್ಟಲಕ್ಷ್ಮಿ. ಮೈಸೂರಿನಲ್ಲಿ ಸಂಗೀತ, ಸಾಹಿತ್ಯಗಳನ್ನು ಕಲಿತು, ಮೈಸೂರಿನ ಆಸ್ಥಾನದಲ್ಲಿ ಹಾಡಿ, ಬೆಂಗಳೂರಿನಲ್ಲಿದ್ದು, ಅನಂತರ ಮದರಾಸಿಗೆ ಹೋಗಿ ನೆಲೆಸಿದರು. ಸಂಗೀತವನ್ನು ಬಲ್ಲವರಿಗೆ ಆಕೆ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಪುಣ್ಯವತಿ. ಸಾಹಿತ್ಯದ ಚರಿತ್ರೆಯಲ್ಲಿ ಆಕೆಯ ಹೆಸರು ನಿಲ್ಲುವುದು ಇನ್ನೊಂದು ಕಾರಣಕ್ಕೆ.

ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹ ಮಹಾರಾಜನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಗಣಿಕೆ ಇದ್ದಳು. ಆಕೆ ತೆಲುಗಿನಲ್ಲಿ ‘ರಾಧಿಕಾಸಾಂತ್ವನಮು’ ಎಂಬ ಶೃಂಗಾರಕಾವ್ಯವನ್ನು ರಚಿಸಿದಳು. ತಾನೇ ಸಾಕಿ ಬೆಳೆಸಿದ ಇಳಾದೇವಿಯನ್ನು ಕೃಷ್ಣನಿಗೆ ಒಪ್ಪಿಸಿಕೊಟ್ಟ ರಾಧೆಯ ಬೇಗೆಯೂ ಅವಳನ್ನು ಕೃಷ್ಣನು ಸಂತೈಸುವುದೂ ಅದರ ವಸ್ತು. ಅದರ ಹೊಸತನವಿರುವುದು ವರ್ಣನೆಯಲ್ಲಿ ಅಷ್ಟಾಗಿ ಅಲ್ಲ. ಹೆಣ್ಣಿನ ಬಯಕೆಯನ್ನು, ಮುನಿಸನ್ನು, ವಯಸ್ಸು ಸಂದ ಪ್ರೇಮಿಯ ಸಂಕಟವನ್ನು ಹೆಣ್ಣೇ ಹೇಳಿದುದರಲ್ಲಿ. ಆಂಧ್ರದ ಮಹಾ ಸಮಾಜಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ತಮ್ಮ ಕವಿಚರಿತ್ರೆಯಲ್ಲಿ ಈಕೆಯ ಪ್ರತಿಭೆಯನ್ನು ಒಪ್ಪಿಕೊಂಡೂ, ಹೆಣ್ಣಿನ ಬಾಯಲ್ಲಿ ಬರಬಾರದ ಮಾತುಗಳು ಕಾವ್ಯದಲ್ಲಿವೆಯೆಂದು ಹಳಿದರು.

ನಾಗರತ್ನಮ್ಮ ಈ ಕಾವ್ಯದ ಅಚ್ಚಾದ ಪ್ರತಿಯನ್ನು ಓದಿದರು. ಅದರಲ್ಲಿ ಲೋಪಗಳನ್ನು ಕಂಡು ಹಸ್ತಪ್ರತಿಯನ್ನು ದೊರಕಿಸಿಕೊಂಡರು. ಬಿಟ್ಟುಹೋದ ಭಾಗಗಳನ್ನು ಸೇರಿಸಿ, ಪೀಠಿಕೆ ಬರೆದು, ಮದರಾಸಿನ ವಾವಿಳ್ಳ ಪ್ರಕಾಶನದ ಮೂಲಕ 1910ರಲ್ಲಿ ಹೊರತಂದರು. ಪೀಠಿಕೆಯಲ್ಲಿ ಪಂತುಲುಗಳಿಗೆ ನೇರವಾಗಿಯೇ ಉತ್ತರವಿತ್ತರು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ಸಹಜವೋ, ಗಂಡಸರಿಗೆ ಬೇಡವೋ? ಪುರುಷರು ಬರೆದ ಕಾವ್ಯಗಳಲ್ಲಿ ಇದಕ್ಕಿಂತ ಹೆಚ್ಚಿನ ವರ್ಣನೆಗಳಿಲ್ಲವೆ? ಅವುಗಳಿಗೆ ಬೇರೆ ತಕ್ಕಡಿ ಏಕೆ? ಆಕೆಯ ವಾದದ ತಿರುಳು ಇದು. ಸಂಪಾದಕಿಯ ಪಾಂಡಿತ್ಯವೂ ತನ್ನ ಕುಲದ ಕವಯಿತ್ರಿಯ ಮೇಲಣ ಅಭಿಮಾನವೂ ಅದರಲ್ಲಿ ಒಂದುಗೂಡಿದ್ದವು.

ಮರುವರ್ಷ, 1911ರಲ್ಲಿ, ಮದರಾಸಿನ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ಸಾರಿ, ಪ್ರತಿಗಳನ್ನು ವಶಪಡಿಸಿಕೊಂಡಿತು. ವಿದ್ವಾಂಸರು ಮನವಿ ಸಲ್ಲಿಸಿದರು, ಫಲವಾಗಲಿಲ್ಲ. ಅದೇ ಕಾವ್ಯದ ಹಿಂದಿನ ಮುದ್ರಣಗಳು 1887ರಲ್ಲಿಯೂ 1907ರಲ್ಲಿಯೂ ಬಂದಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಆಗ ಯಾರ ನಿದ್ದೆಯೂ ಕೆಟ್ಟಿರಲಿಲ್ಲ. ಒಬ್ಬ ಗಣಿಕೆಯ ಕಾವ್ಯವನ್ನು ಇನ್ನೊಬ್ಬ ದೇವದಾಸಿ ತಾನೇ ಶುದ್ಧಗೊಳಿಸಿ, ತನ್ನ ಹೆಸರು ಹಾಕಿ, ಪಂಡಿತರನ್ನು ಪ್ರಶ್ನಿಸಿ ಪ್ರಕಟಿಸಿದಾಗ ಅದು ಅಪರಾಧವಾಯಿತು. ಕಾಲವೂ ಹಾಗೇ ಇತ್ತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಬಾಲೆಯರನ್ನು ದೇವರಿಗೆ ಬಿಡುವ ಪದ್ಧತಿ ತೊಲಗಬೇಕಾದದ್ದೇ; ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿಯನ್ನು ತೊಲಗಿಸುವ ಭರದಲ್ಲಿ ಆ ಹೆಂಗಸರ ವಿದ್ಯೆಯನ್ನೂ ಕಾವ್ಯವನ್ನೂ ಅದೇ ಕಸದ ಬುಟ್ಟಿಗೆ ಹಾಕಿದರು. ‘ರಾಧಿಕಾಸಾಂತ್ವನಮು’ವಿನ ಮೇಲಣ ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಕಾಲದಲ್ಲಿ. ಮೂವತ್ತಾರು ವರ್ಷಗಳ ಕಾಲ ಒಂದು ಒಳ್ಳೆಯ ಕಾವ್ಯ ಓದುಗರ ಕಣ್ಣಿಗೆ ಮರೆಯಾಗಿತ್ತು. ಅದನ್ನು ಓದಿ ಕೆಡಬಹುದಾಗಿದ್ದವರು ಆ ಮೂವತ್ತಾರು ವರ್ಷಗಳಲ್ಲಿ ಕೆಡದೆ ಉಳಿದರೆಂದು ಯಾರೂ ಹೇಳಲಾರರು.

ಪುಸ್ತಕದಿಂದ ರಂಗಭೂಮಿಗೆ ಬಂದರೆ ಇದೇ ಕಥೆಯ ಇನ್ನೊಂದು ಮುಖ ಕಾಣುತ್ತದೆ. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಸ್ಥಾಪನೆಯಾಯಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ಕನ್ನಡ ನಾಡಿನ ಹೆಮ್ಮೆಯಾಗಿ ಬೆಳೆಯಿತು. ಆ ಕಾಲದ ಕಂಪನಿ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದುದು ರೂಢಿ. ಮೀಸೆ ಬೋಳಿಸಿ, ಸೀರೆಯುಟ್ಟು, ಗಂಡಸು ಶೃಂಗಾರದ ಕಂದವನ್ನು ಹಾಡಿದರೆ ಸಭೆ ‘ಒನ್ಸ್ ಮೋರ್’ ಎನ್ನುತ್ತಿತ್ತು. ಅದೇ ಕಂದವನ್ನು ಹೆಂಗಸೇ ರಂಗಕ್ಕೆ ಬಂದು ಹಾಡತೊಡಗಿದಾಗ ಮರ್ಯಾದಸ್ಥರು ಮೂಗುಮುರಿದರು. ವೀರಣ್ಣನವರು ಈ ಮೂಗುಮುರಿತಕ್ಕೆ ಸೊಪ್ಪುಹಾಕದೆ ನಟಿಯರನ್ನು ರಂಗಕ್ಕೆ ತಂದರು. ಬಿ. ಜಯಮ್ಮನವರಂಥ ಕಲಾವಿದೆಯರು ಆ ಮಂಡಳಿಯಿಂದ ಬೆಳಗಿ ಬಂದರು. ಮಾತು ಬದಲಾಗಿರಲಿಲ್ಲ, ರಾಗವೂ ಬದಲಾಗಿರಲಿಲ್ಲ. ಬಾಯಿ ಮಾತ್ರ ಬದಲಾಗಿತ್ತು.

ನಾಟಕಕ್ಕೂ ಕಾನೂನಿನ ಕಾವಲಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1876ರ ನಾಟಕ ಪ್ರದರ್ಶನ ಕಾಯಿದೆಯು ರಾಜದ್ರೋಹದ ನಾಟಕವನ್ನೂ ಪ್ರೇಕ್ಷಕರನ್ನು ಕೆಡಿಸುವ ನಾಟಕವನ್ನೂ ಒಂದೇ ಹಗ್ಗದಲ್ಲಿ ಕಟ್ಟಿತು. ನೀತಿಯ ಹೆಸರಿನಲ್ಲಿ ಮಾಡಿದ ಕಾನೂನು ಸರ್ಕಾರದ ಭದ್ರತೆಗೂ ಒದಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ರಾಜ್ಯ 1964ರಲ್ಲಿ ತನ್ನದೇ ಆದ ನಾಟಕ ಪ್ರದರ್ಶನ ಕಾಯಿದೆಯನ್ನು ಮಾಡಿಕೊಂಡಿತು.

ಸಾಹಿತ್ಯದಲ್ಲಿ ಈ ಚರ್ಚೆ ಕನ್ನಡದೊಳಗೇ ಕಾವೇರಿದ್ದು 1950ರ ಸುಮಾರಿಗೆ. ಪ್ರಗತಿಶೀಲ ಚಳವಳಿಯ ಮುಂದಾಳಾದ ಅ. ನ. ಕೃಷ್ಣರಾಯರು ವೇಶ್ಯಾಸಮಸ್ಯೆಯನ್ನು ಕುರಿತು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಕಾದಂಬರಿಗಳನ್ನು ಬರೆದರು. ಅಶ್ಲೀಲವೆಂಬ ಕೂಗೆದ್ದಿತು. ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಆ ಕಾದಂಬರಿಗಳ ಕಲಾಗುಣವನ್ನು ಕುರಿತು ನನಗೆ ಬೇರೆ ಅಭಿಪ್ರಾಯವಿದೆ. ಅವು ಆವೇಶದಲ್ಲಿ ಬರೆದವು. ಆದರೆ ವಾದವು ವೇದಿಕೆಯ ಮೇಲೆ, ಪತ್ರಿಕೆಗಳಲ್ಲಿ, ಪುಸ್ತಕಕ್ಕೆ ಪುಸ್ತಕವೇ ಉತ್ತರವಾಗಿ ನಡೆಯಿತೆಂಬುದು ಕನ್ನಡಕ್ಕೆ ಗೌರವ ತರುವ ಸಂಗತಿ. ಸಾಹಿತ್ಯದ ದೋಷವನ್ನು ಸಾಹಿತ್ಯದಿಂದಲೇ ತಿದ್ದಬೇಕೆಂಬ ನಾಗವರ್ಮನ ದಾರಿ ಅದು.

ನ್ಯಾಯಾಲಯಗಳು ಈ ದಾರಿಗೆ ಬರಲು ಬಹುಕಾಲ ಹಿಡಿಯಿತು. ಡಿ. ಎಚ್. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯನ್ನು ಇಂಗ್ಲೆಂಡಿನ ಪಂಚರು 1960ರಲ್ಲಿ ನಿರ್ದೋಷಿಯೆಂದು ಬಿಟ್ಟರು. ಅದೇ ಕಾದಂಬರಿಯನ್ನು ಮಾರಿದುದಕ್ಕಾಗಿ ಮುಂಬಯಿಯ ಪುಸ್ತಕ ವ್ಯಾಪಾರಿ ರಂಜಿತ್ ಉದೇಶಿಯವರಿಗೆ ಆದ ಶಿಕ್ಷೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಎತ್ತಿಹಿಡಿಯಿತು. ಹಿಕ್ಲಿನ್ ಅಳತೆಗೋಲು ಅದನ್ನು ಮಾಡಿದವರ ನಾಡಿನಲ್ಲಿ ಸವೆದುಹೋದ ಮೇಲೂ ನಮ್ಮಲ್ಲಿ ಗಟ್ಟಿಯಾಗಿತ್ತು. 1969ರ ತಿದ್ದುಪಡಿಯಲ್ಲಿ ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಗಳ ಹಿತಕ್ಕಾಗಿ ಪ್ರಕಟವಾದುದಕ್ಕೆ ರಕ್ಷಣೆ ಸಿಕ್ಕಿತು. ತೇರಿನ ಶಿಲ್ಪಕ್ಕೆ ಇದ್ದ ರಿಯಾಯಿತಿ ಕಡೆಗೂ ಕವಿಗೆ ದೊರೆಯಿತು. 1985ರಲ್ಲಿ ಸಮರೇಶ್ ಬಸು ಅವರ ಬಂಗಾಳಿ ಕಾದಂಬರಿ ‘ಪ್ರಜಾಪತಿ’ಯ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಒರಟುತನವೆಲ್ಲ ಅಶ್ಲೀಲವಲ್ಲವೆಂದೂ ನ್ಯಾಯಾಧೀಶನು ಮೊದಲು ಲೇಖಕನ ಸ್ಥಾನದಲ್ಲಿ, ಅನಂತರ ಓದುಗನ ಸ್ಥಾನದಲ್ಲಿ ನಿಂತು ನೋಡಬೇಕೆಂದೂ ಹೇಳಿತು. 2014ರಲ್ಲಿ ಅವೀಕ್ ಸರ್ಕಾರ್ ಮೊಕದ್ದಮೆಯಲ್ಲಿ ಹಿಕ್ಲಿನ್ ಅಳತೆಗೋಲನ್ನು ಬಿಟ್ಟುಕೊಟ್ಟು, ಒಟ್ಟು ಕೃತಿಯನ್ನು ಸಮಕಾಲೀನ ಸಮಾಜದ ರೂಢಿಯಿಂದ ಅಳೆಯಬೇಕೆಂದಿತು. 2024ರ ಜುಲೈ 1ರಿಂದ ದಂಡಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ಕಲಮುಗಳು ಅಲ್ಲಿ 294, 295, 296 ಎಂಬ ಹೊಸ ಸಂಖ್ಯೆಗಳನ್ನು ಹೊತ್ತು ಕುಳಿತಿವೆ.

ಇಷ್ಟೆಲ್ಲವನ್ನೂ ಹೇಳಿದ ಮೇಲೆ ನನ್ನದೇ ಒಂದು ಅಪರಾಧವನ್ನು ಒಪ್ಪಿಕೊಳ್ಳದಿದ್ದರೆ ಈ ಮಾತುಗಳಿಗೆ ಬೆಲೆಯಿಲ್ಲ.

1982ರ ಬೇಸಿಗೆ. ಆಗ ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ಜಾನಪದ ಸಂಗ್ರಹಕ್ಕೆಂದು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಕುಣಿಗಲ್ ಎಂದರೆ ಕನ್ನಡಿಗರಿಗೆಲ್ಲ ಅಲ್ಲಿಯ ಕೆರೆಯ ಹಾಡು ನೆನಪಾಗುತ್ತದೆ. ಹೊಲಗದ್ದೆಯ ಹೆಂಗಸರ ಬಾಯಿಂದ ಹೊರಟ ಆ ಹಾಡು ಬಾನುಲಿಗೂ ವೇದಿಕೆಗೂ ಬಂದು ನಾಡಿನ ಸೊತ್ತಾಯಿತು. ಅಂಥ ಹಾಡುಗಳು ಇನ್ನೂ ಸಿಕ್ಕಾವೆಂದು ನಾನು ಹೋದದ್ದು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಜಗುಲಿಯ ಮೇಲೆ ಕುಳಿತು ಎರಡು ದಿನ ಹಾಡಿದರು. ಬೀಸುವ ಪದ, ಸೋಬಾನೆ ಪದ, ತವರಿನ ಪದ ಎಲ್ಲವನ್ನೂ ಬರೆದುಕೊಂಡೆ. ಎರಡನೆಯ ದಿನ ಸಂಜೆ ಅಜ್ಜಿ ಹುರುಪಿಗೆ ಬಂದು ಬೀಗರ ಹಾಡನ್ನು ತೆಗೆದರು. ಮದುವೆಯ ಚಪ್ಪರದಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಂಗಿಸಿ ಹಾಡುವ ಹಾಡು ಅದು. ಸುತ್ತ ಸೇರಿದ್ದ ಹೆಂಗಸರು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ನನ್ನ ಲೇಖನಿ ನಿಂತಿತು.

“ಯಾಕಪ್ಪಾ, ಬರೆಯೋದು ನಿಲ್ಲಿಸ್‌ಬಿಟ್ಟೆ?” ಎಂದರು ಅಜ್ಜಿ.

“ಇದು ಪುಸ್ತಕಕ್ಕೆ ಬರೋ ಹಂಗಿಲ್ಲ, ಅಜ್ಜಿ” ಎಂದೆ.

“ಚಪ್ಪರದಾಗೆ ಊರೋರೆಲ್ಲ ಕೂತು ಕೇಳೋ ಹಾಡು. ಅತ್ತೆ ಮಾವ ಕೇಳ್ತಾರೆ, ಮಕ್ಕಳು ಕೇಳ್ತಾವೆ. ನಿನ್ ಪುಸ್ತಕಕ್ಕೆ ಆಗದಂಥಾದ್ದು ಏನೈತಪ್ಪ?”

ನನ್ನಲ್ಲಿ ಉತ್ತರವಿರಲಿಲ್ಲ. ನಕ್ಕು, ಟಿಪ್ಪಣಿ ಪುಸ್ತಕದಲ್ಲಿ ‘ಬೀಗರ ಹಾಡು: ಬರೆಯತಕ್ಕದ್ದಲ್ಲ’ ಎಂದು ಒಂದು ಷರಾ ಹಾಕಿ ಎದ್ದೆ. ಔಚಿತ್ಯವಿಚಾರವನ್ನು ಆ ವರ್ಷವೇ ಬಾಯಿಪಾಠ ಮಾಡಿದ್ದವನು ನಾನು. ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ, ಯಾವ ಪ್ರಯೋಜನಕ್ಕೆ ಎಂಬ ಮೂರು ಪ್ರಶ್ನೆಗಳಿಗೂ ಆ ಅಜ್ಜಿ ಉತ್ತರ ಹೇಳಿಯಾಗಿತ್ತು. ಮಗಳನ್ನು ಕೊಟ್ಟು ಕಳಿಸುವ ಮನೆಯ ಹೆಂಗಸರಿಗೆ, ಗಂಡಿನ ಕಡೆಯವರ ಮುಂದೆ ತಲೆತಗ್ಗಿಸಿಯೇ ನಿಲ್ಲಬೇಕಾದವರಿಗೆ, ತಲೆಯೆತ್ತಿ ಮಾತಾಡಲು ಸಂಪ್ರದಾಯ ಕೊಟ್ಟಿದ್ದ ಒಂದೇ ಒಂದು ಗಳಿಗೆ ಅದು. ಆ ಗಳಿಗೆಯ ಮಾತನ್ನು ನಾನು ತಡೆದೆ. ಅಲ್ಲಿ ಪೊಲೀಸರಿರಲಿಲ್ಲ, ಮ್ಯಾಜಿಸ್ಟ್ರೇಟರಿರಲಿಲ್ಲ, 294ನೆಯ ಕಲಮನ್ನು ಓದಿದವರೂ ಇರಲಿಲ್ಲ. ನಾನೇ ಹಿಕ್ಲಿನ್ ಅಳತೆಗೋಲನ್ನು ಹಿಡಿದು ಕುಳಿತಿದ್ದೆ.

ಅಧ್ಯಾಪಕನಾಗಿ ಹಲವು ವರ್ಷ ಕಳೆದ ಮೇಲೆ ಮತ್ತೆ ಆ ಊರಿಗೆ ಹೋದೆ. ಅಜ್ಜಿ ತೀರಿಕೊಂಡಿದ್ದರು. ಸೊಸೆಗೆ ಆ ಹಾಡಿನ ಎರಡು ನುಡಿ ಮಾತ್ರ ನೆನಪಿತ್ತು; ಅದನ್ನೂ ಹಾಡಲು ಆಕೆ ನಾಚಿದರು. ಚಪ್ಪರದಲ್ಲಿ ಈಗ ಧ್ವನಿವರ್ಧಕದ ಸಿನಿಮಾ ಹಾಡು. ಅದರಲ್ಲಿಯ ದ್ವಂದ್ವಾರ್ಥಕ್ಕೆ ಯಾರೂ ಸೆರಗನ್ನು ಬಾಯಿಗಿಟ್ಟುಕೊಳ್ಳುವುದಿಲ್ಲ. ‘ರಾಧಿಕಾಸಾಂತ್ವನಮು’ವಿನ ಪ್ರತಿಗಳು ಎಲ್ಲೋ ಉಳಿದಿದ್ದವು, ನಿಷೇಧ ತೆರವಾದಾಗ ಮತ್ತೆ ಅಚ್ಚಿಗೆ ಬಂದವು. ಬಾಯಿಂದ ಬಾಯಿಗೆ ಬಂದ ಹಾಡಿಗೆ ಆ ಭಾಗ್ಯವಿಲ್ಲ. ಅದನ್ನು ಒಂದು ತಲೆಮಾರು ಬರೆಯದೆ ಬಿಟ್ಟರೆ ತೀರಿತು.

ಹಾಗಾದರೆ ಕಾನೂನೇ ಬೇಡವೆ? ಹಾಗೆನ್ನುವ ಧೈರ್ಯ ಇಂದು ಯಾರಿಗೂ ಇರಲಾರದು. ಕೈಯಲ್ಲಿ ಹಿಡಿದ ಫೋನಿನೊಳಗೆ ಏನೇನು ಹರಿದುಬರುತ್ತಿದೆ ಎಂಬುದನ್ನು ತುಮಕೂರಿನ ಯಾವ ತಂದೆತಾಯಿಯೂ ಬಲ್ಲರು. ಹೆಣ್ಣೊಬ್ಬಳ ಚಿತ್ರವನ್ನು ಆಕೆಯ ಒಪ್ಪಿಗೆಯಿಲ್ಲದೆ ಹರಡುವವನಿಗೆ, ಮಕ್ಕಳನ್ನು ಇಂಥ ವ್ಯಾಪಾರಕ್ಕೆ ಬಳಸುವವನಿಗೆ ಶಿಕ್ಷೆಯಾಗಲೇಬೇಕು. 1986ರ ಮಹಿಳೆಯರ ಅಸಭ್ಯ ನಿರೂಪಣೆ ನಿಷೇಧ ಕಾಯಿದೆ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ, 2012ರ ಪೋಕ್ಸೋ ಕಾಯಿದೆ ಈ ನಿಟ್ಟಿನಲ್ಲಿ ಬಂದವು. ಒಪ್ಪಿಗೆಯಿಲ್ಲದ ಹೆಣ್ಣಿನ ಮತ್ತು ಮಕ್ಕಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ‘ಯಾರಿಗೆ ನಾಚಿಕೆಯಾಯಿತು’ ಎಂಬುದಲ್ಲ, ‘ಯಾರಿಗೆ ನೋವಾಯಿತು’ ಎಂಬುದು. ಈ ಎರಡು ಪ್ರಶ್ನೆಗಳನ್ನು ಬೆರೆಸಿದಾಗಲೇ ಎಡವಟ್ಟಾಗುವುದು. ಮುದ್ದುಪಳನಿಯ ಕಾವ್ಯದಿಂದ ಯಾರಿಗೂ ನೋವಾಗಿರಲಿಲ್ಲ, ಕೆಲವರಿಗೆ ನಾಚಿಕೆಯಾಗಿತ್ತು. ಕುಣಿಗಲ್ಲಿನ ಅಜ್ಜಿಯ ಹಾಡಿನಿಂದಲೂ ಅಷ್ಟೆ, ನಾಚಿಕೆಯಾದದ್ದು ನನಗೊಬ್ಬನಿಗೆ.

ಆ ಟಿಪ್ಪಣಿ ಪುಸ್ತಕ ಇಂದಿಗೂ ನನ್ನಲ್ಲಿದೆ. ಆ ಷರಾವನ್ನು ನಾನು ಹೊಡೆದುಹಾಕಿಲ್ಲ. ಅದರ ಕೆಳಗೆ ಸೊಸೆ ನೆನೆದ ಎರಡು ನುಡಿಗಳನ್ನು ಬರೆದಿಟ್ಟಿದ್ದೇನೆ. ನಿಮ್ಮ ಮನೆಗಳಲ್ಲಿ, ನಿಮ್ಮ ಊರುಗಳಲ್ಲಿ ಇಂಥ ಹಾಡುಗಳನ್ನು ಬಲ್ಲ ಹಿರಿಯ ಹೆಂಗಸರು ಇನ್ನೂ ಇದ್ದರೆ, ದಯವಿಟ್ಟು ಅವರ ಎದುರು ಕುಳಿತು ಪೂರ್ತಿಯಾಗಿ ಬರೆದುಕೊಳ್ಳಿ. ಯಾವುದನ್ನು ಅಚ್ಚು ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಮೇಲೆ ಯೋಚಿಸಬಹುದು.

(ಬಾನುಲಿ ಭಾಷಣ)